ಉರಿಸದೆ ಬಿಟ್ಟ ಅನಿಲ

ಜೇವರ್ಗಿ ತಾಲ್ಲೂಕಿನ ಇಜೇರಿಯಲ್ಲಿ ವೃದ್ಧ ಶ್ರಾವಕರೊಬ್ಬರ ಹಿತ್ತಲಲ್ಲಿ ಹಳೆಯದೊಂದು ಗೋಬರ್ ಅನಿಲ ಸ್ಥಾವರವಿತ್ತು. ಮನೆಗೆ ಸಿಲಿಂಡರು ಬಂದ ಮೇಲೆ ಅದರ ಒಲೆ ಮೂಲೆ ಸೇರಿತು; ತೊಗರಿ ಹೊಲಕ್ಕೆ ಗೊಬ್ಬರ ಬೇಕೆಂದು ಸಗಣಿ ಕದಡಿ ಸುರಿಯುವುದು ಮಾತ್ರ ನಿಲ್ಲಲಿಲ್ಲ. ಗುಮ್ಮಟದ ಬಿರುಕಿನಿಂದ ಎರಡು ಮಳೆಗಾಲ ಅನಿಲ ಸೋರಿತು. ಉರಿಸಿದರೆ ಅಗ್ನಿಕಾಯಿಕ ಜೀವಗಳಿಗೆ ಹಿಂಸೆ, ಸುಮ್ಮನೆ ಬಿಟ್ಟರೆ ಯಾರಿಗೇನು ಬಾಧೆ ಎಂಬುದು ಅವರ ಸಮಾಧಾನ. ಅದೇ ಅಡುಗೆಮನೆಯಲ್ಲಿ ಸಿಲಿಂಡರಿನ ಜ್ವಾಲೆ ಉರಿಯುತ್ತಿದ್ದುದು ಗಣನೆಗೆ ಬಂದಿರಲಿಲ್ಲ; ಇಂಥ ಮರೆವು ಅನೇಕ ಧರ್ಮಭೀರುಗಳ ಮನೆಯಲ್ಲಿ ಉಂಟು.

ರಸಾಯನಶಾಸ್ತ್ರ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದಾಗ ಆ ಸಮಾಧಾನ ಕದಡಿತು. ಗೋಬರ್ ಅನಿಲದಲ್ಲಿ ಸುಮಾರು ಶೇಕಡಾ 60 ಭಾಗ ಮೀಥೇನ್, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಅಧಿಕವಾಗಿ ಭೂಮಿಯನ್ನು ಕಾಯಿಸುತ್ತದೆ. ಅಂದರೆ ಉರಿಸುವುದಕ್ಕಿಂತ ಉರಿಸದೆ ಬಿಡುವುದೇ ಘಾತಕ. ಹಿಂಸೆಯ ಮೂಲ ಪ್ರಮಾದವೆಂದು ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಕೇಳುತ್ತಿದ್ದವರಿಗೆ ಈ ಮಾತು ನಾಟಿತು.

ಆಕೆ ಮೂರನೆಯ ದಾರಿಯೊಂದನ್ನೂ ಹೇಳಿದಳು. ಸುಮಾರು 800 ಡಿಗ್ರಿ ಶಾಖದಲ್ಲಿ ನಿಕ್ಕಲ್ ಲೋಹದ ಸನ್ನಿಧಿಯಲ್ಲಿ ಈ ಎರಡು ಅನಿಲಗಳೂ ಪರಸ್ಪರ ಒಡೆದು ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡ್‌ಗಳ ಮಿಶ್ರಣವಾಗುತ್ತವೆ. ಈ ಸಂಶ್ಲೇಷಣಾ ಅನಿಲದಿಂದ ಮೆಥನಾಲ್, ದ್ರವ ಇಂಧನ ತಯಾರಿಸಬಹುದು. ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ 1928ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿದ್ದರು. ನಿಕ್ಕಲ್ ಅಗ್ಗ, ಆದರೆ ಕಂದೀಲಿನ ಗಾಜಿಗೆ ಕಾಡಿಗೆ ಹಿಡಿಯುವಂತೆ ಅದರ ಮೇಲೆ ಇಂಗಾಲ ಕೂರುತ್ತದೆ. ಶಾಖಕ್ಕೆ ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗಿ ಕೆಲಸ ಬಿಡುತ್ತವೆ. 2020ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ವಿಜ್ಞಾನಿಗಳು ನಿಕ್ಕಲ್ಲಿಗೆ ಮಾಲಿಬ್ಡಿನಂ ಸೇರಿಸಿ, ಕೆಲವೇ ನ್ಯಾನೋಮೀಟರಿನ ಕಣಗಳನ್ನು ಮೆಗ್ನೀಸಿಯಂ ಆಕ್ಸೈಡಿನ ಸ್ಫಟಿಕಗಳ ಅಂಚಿನಲ್ಲಿ ನೆಲೆನಿಲ್ಲಿಸಿದರು. ಅದು 850 ಗಂಟೆ ಇಂಗಾಲ ಹಿಡಿಯದೆ ದುಡಿಯಿತು.

ವೃದ್ಧರು ಎರಡೇ ಪ್ರಶ್ನೆ ಕೇಳಿದರು. ಅಷ್ಟು ಶಾಖ ಎಲ್ಲಿಂದ? ನಿಕ್ಕಲ್ ಎಲ್ಲಿಂದ? ಕಲ್ಲಿದ್ದಲು ಸುಟ್ಟು ಕಾಯಿಸಿದರೆ ಉಳಿಸಿದ್ದು ಕಳೆದಂತೆಯೇ. ಇಂದು ಜಗತ್ತಿನ ಗಣಿಗಳಿಂದ ಬರುವ ನಿಕ್ಕಲ್ಲಿನ ಅರ್ಧಕ್ಕೂ ಹೆಚ್ಚು ಇಂಡೋನೇಷ್ಯಾದ್ದು; ಅಲ್ಲಿನ ಸುಲವೇಸಿ ದ್ವೀಪದಲ್ಲಿ ಅದಕ್ಕಾಗಿ ಕಾಡು ಕಡಿಯುತ್ತಾರೆ. ಮೊಮ್ಮಗಳು ಸುಮ್ಮನಾದಳು. ಆ ಮೌನ ಪ್ರಾಮಾಣಿಕವಾದುದು.

ಮೇಲಾಗಿ ಇದು ಒಂದು ಹಿತ್ತಲಿನ ಕೆಲಸವಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಊರಿನ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ ದೀಪ, ನೀರು ಪಡೆದಂತೆ ಹಲವು ಮನೆಗಳು ಕೂಡಬೇಕು. ಇಂಗಾಲದ ಡೈಆಕ್ಸೈಡಿಗೇನೋ ಜಿಲ್ಲೆಯಲ್ಲಿ ಕೊರತೆಯಿಲ್ಲ. ವಾಡಿಯಲ್ಲಿ, ರಾಷ್ಟ್ರಕೂಟರ ಬಸದಿಗಳ ಮಳಖೇಡದ ಬಳಿಯಲ್ಲಿ, ಸುಣ್ಣಕಲ್ಲು ಸುಡುವ ಸಿಮೆಂಟ್ ಗೂಡುಗಳು ಅದನ್ನು ಹಗಲಿರುಳು ಬಿಡುತ್ತವೆ.

ಮರುದಿನ ಗಾರೆಯವನು ಬಂದು ಗುಮ್ಮಟದ ಬಿರುಕು ಮುಚ್ಚಿದ. ಗಾರೆ ಒಣಗಿ ಅನಿಲ ತುಂಬಿದ ಮೇಲೆ ಅಜ್ಜ ಸಾಬೂನಿನ ನೀರನ್ನು ಕೊಳವೆಯ ಕೀಲುಗಳಿಗೆ ತಾವೇ ಹಚ್ಚಿ ನೋಡಿದರು. ಒಲೆಯ ಹತ್ತಿರದ ಕೀಲಿನಲ್ಲಿ ಇನ್ನೂ ಒಂದು ಸಣ್ಣ ಗುಳ್ಳೆ ಏಳುತ್ತಿತ್ತು.