ಅಜ್ಜಿಯ ತಿಂಗಳು ಶ್ರಾವಣ

ಪುಣೆಯ ಕೋಥ್ರೂಡಿನಲ್ಲಿ ಮೂವತ್ತು ವರ್ಷದಿಂದ ನೆಲೆಸಿರುವ ಧಾರವಾಡದ ಕುಟುಂಬವದು. ಹನ್ನೆರಡನೆಯ ತರಗತಿಯ ಮಗಳು ಸೈಕಾಲಜಿ ಓದುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. ಹುಬ್ಬಳ್ಳಿಯ ಕಾಕಾ ಫೋನಿನಲ್ಲಿ "ಹುಚ್ಚರ ಡಾಕ್ಟರ್ ಆಗ್ತೀ ಏನವಾ?" ಎಂದು ನಕ್ಕರು. ಮುಂಬಯಿಯ ಮೌಶಿ "ಕೌನ್ಸೆಲಿಂಗಿಗೆ ಈಗ ಭಾಳ ಡಿಮಾಂಡ್ ಅದ, ಚಿಂತಿ ಮಾಡಬ್ಯಾಡ್ರಿ" ಎಂದು ಅವಳ ತಾಯಿಗೆ ಧೈರ್ಯ ಹೇಳಿದರು. ಗೊಂದಲ ಶುರುವಾದದ್ದು ಆಮೇಲೆ. ಹುಡುಗಿಗೆ ಡಾಕ್ಟರಾಗುವುದೂ ಬೇಕಿರಲಿಲ್ಲ, ಕೌನ್ಸೆಲಿಂಗೂ ಬೇಕಿರಲಿಲ್ಲ. ಸಂಶೋಧನೆ ಮಾಡಬೇಕು ಅಂದಳು. ಅಂದರೇನು ಎಂದು ಅಪ್ಪ ಕೇಳಿದರೆ ಸರಿಯಾಗಿ ಹೇಳಲು ಅವಳಿಗೂ ಬರಲಿಲ್ಲ.

ಅವಳಲ್ಲಿದ್ದದ್ದು ಒಂದೇ ಉದಾಹರಣೆ, ಅದೂ ಮನೆಯದೇ. ಹಿಂದಿನ ವರ್ಷ ಅಜ್ಜಿಯ ಮರೆವು ಹೆಚ್ಚಾದಾಗ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರು. ಅಲ್ಲಿ ಮೂವತ್ತು ಅಂಕದ ಪ್ರಶ್ನಾವಳಿ. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಜಗತ್ತಿನ ತುಂಬ ಬಳಕೆಯಾಗುವ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಶನ್ ಎಂಬುದರ ಒಂದು ರೂಪ. ಇಂದು ಯಾವ ದಿನ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ. ಕೇಳಿದವರು ಮರಾಠಿಯಲ್ಲಿ ಕೇಳಿದರು. ಅಜ್ಜಿಗೆ ಮರಾಠಿ ಬರುವುದಿಲ್ಲ ಎಂದಲ್ಲ, ಭಾಜಿ ಮಾರುವವರ ಜೊತೆ ಜಗಳಾಡುವಷ್ಟು ಚೆನ್ನಾಗಿಯೇ ಬರುತ್ತದೆ. ಆದರೆ ಯಾವ ತಿಂಗಳು ಎಂದರೆ ಆಕೆ "ಶ್ರಾವಣ" ಅಂದರು. ಹಾಳೆಯಲ್ಲಿ ಆಗಸ್ಟ್ ಇತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕೈ, ಅರವತ್ತು ವರ್ಷದಲ್ಲಿ ಸಹಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತರು.

ಅಂಕ ಕಡಿಮೆ ಬಂತು. ಮನೆಗೆ ಬಂದ ಮೇಲೆ ಮೊಮ್ಮಗಳು ಅವೇ ಪ್ರಶ್ನೆಗಳನ್ನು ಧಾರವಾಡದ ಕನ್ನಡದಲ್ಲಿ ಕೇಳಿದಳು. ಅಜ್ಜಿ ಎಷ್ಟೋ ಹೆಚ್ಚು ಉತ್ತರ ಹೇಳಿದರು, ಹಾಲಿನವನ ತಿಂಗಳ ಲೆಕ್ಕವನ್ನೂ ಬಾಯಲ್ಲೇ ಮಾಡಿ ತೋರಿಸಿದರು. ಹುಡುಗಿಗೆ ಸಿಟ್ಟು ಬಂತು, ಆಸ್ಪತ್ರೆಯವರದೇ ತಪ್ಪು ಅಂದಳು. ಅದು ಅಷ್ಟು ಸರಳವಲ್ಲ. ಅಜ್ಜಿಗೆ ಮರೆವು ನಿಜವಾಗಿಯೂ ಇತ್ತು, ಗ್ಯಾಸಿನ ಮೇಲೆ ಹಾಲಿಟ್ಟು ಮರೆತದ್ದಕ್ಕೇ ಆಸ್ಪತ್ರೆಗೆ ಹೋದದ್ದು. ಎರಡನೆಯ ಸಲ ಕೇಳಿದಾಗ ಬದಲಾದದ್ದು ಭಾಷೆಯೊಂದೇ ಅಲ್ಲ. ಜಾಗ ಬದಲಾಗಿತ್ತು, ಕೇಳುವ ದನಿ ಬದಲಾಗಿತ್ತು, ಪ್ರಶ್ನೆಗಳು ಒಮ್ಮೆ ಕಿವಿಗೆ ಬಿದ್ದಿದ್ದವು. ಉತ್ತರ ಹೆಚ್ಚಿದ್ದಕ್ಕೆ ಇವುಗಳಲ್ಲಿ ಯಾವುದು ಎಷ್ಟು ಕಾರಣ? ಇದನ್ನು ಬಿಡಿಸಿ ತೋರಿಸುವ ಕೆಲಸಕ್ಕೇ ಸೈಕಾಲಜಿಯಲ್ಲಿ ಸಂಶೋಧನಾ ವಿಧಾನ ಎನ್ನುವುದು. ಮನಸ್ಸು ಓದುವ ವಿದ್ಯೆ ಎಂದುಕೊಂಡು ಸೇರುವವರು ಮೊದಲ ವರ್ಷ ಬೇಸರಪಡುವುದೂ ಇಲ್ಲಿಯೇ.

ಅಜ್ಜಿಯ ಪ್ರಶ್ನೆಯನ್ನು ಬೇರೆಯವರು ಮೊದಲೇ ಕೇಳಿದ್ದರು ಎಂಬುದು ಅವಳಿಗೆ ನಿಧಾನವಾಗಿ ಗೊತ್ತಾಯಿತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರಹ ಬಾರದ ಹಿರಿಯರಿಗಾಗಿ ಈ ಪರೀಕ್ಷೆಯ ಹಿಂದಿ ರೂಪವೊಂದನ್ನು ಕಟ್ಟಿ 1995ರಲ್ಲಿ ಪ್ರಕಟಿಸಿದರು. ಬರಿಯ ಅನುವಾದವಲ್ಲ ಅದು. ವಾಕ್ಯ ಬರೆಯಿರಿ ಎನ್ನುವ ಕಡೆ ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದಿತ್ತು. ಮುಂದೆ ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇಂಥ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿತು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು 2013ರಲ್ಲಿ ಬರೆದರು. ಇದನ್ನು ಓದಿದ ಅಪ್ಪ, ಹಾಗಾದರೆ ಪರವೂರಿನಲ್ಲಿರುವ ನಾವೆಲ್ಲ ಗೆದ್ದೆವು ಎಂದರು. ಕಾಯಿಲೆ ಬಂದವರನ್ನೇ ನೋಡಿ ಹೇಳಿದ ಮಾತದು, ವರ್ಷಗಟ್ಟಲೆ ಹಿಂಬಾಲಿಸಿದ ಎಲ್ಲ ಅಧ್ಯಯನಗಳೂ ಹಾಗೆ ಹೇಳುವುದಿಲ್ಲ ಎಂದಳು ಮಗಳು. ಸಂಶೋಧನೆ ಅಂದರೇನು ಎಂಬ ಪ್ರಶ್ನೆಗೆ ಅಪ್ಪನಿಗೆ ಬಹುಶಃ ಆವತ್ತು ಉತ್ತರ ಸಿಕ್ಕಿರಬೇಕು.

ಅಪ್ಪ ಬ್ಯಾಂಕಿನವರು. ಅವರಿಗೆ ವರ್ಷ ಬೇಕು, ರೂಪಾಯಿ ಬೇಕು. ಹೊಸ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್ ಮುಗಿಸಿ ಪದವಿ ಪಡೆದು ಹೊರಡಬಹುದು, ನಾಲ್ಕು ವರ್ಷ ನಿಂತರೆ 160 ಕ್ರೆಡಿಟ್ಟಿನ ಆನರ್ಸ್. ಮೊದಲ ಆರು ಸೆಮಿಸ್ಟರಿನಲ್ಲಿ 75 ಪ್ರತಿಶತ ಬಂದವರಿಗೆ ನಾಲ್ಕನೆಯ ವರ್ಷ ಆನರ್ಸ್ ವಿತ್ ರಿಸರ್ಚ್, ಅದರಲ್ಲಿ 12 ಕ್ರೆಡಿಟ್ಟಿನ ಸಂಶೋಧನಾ ಯೋಜನೆ. ಹಾಗೆ ಮುಗಿಸಿದವರು ಎಂ.ಎ. ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂದು ಯುಜಿಸಿ 2022ರಲ್ಲಿ ನಿಯಮ ಮಾಡಿದೆ. ಅರ್ಜಿ ಹಾಕಬಹುದು ಎಂಬುದಕ್ಕೂ ಸೀಟು ಸಿಗುತ್ತದೆ ಎಂಬುದಕ್ಕೂ ಇರುವ ದೂರವನ್ನು ಯಾವ ಬ್ರೋಷರೂ ಹೇಳುವುದಿಲ್ಲ, ಪೈಪೋಟಿಗೆ ಎಂ.ಎ. ಮುಗಿಸಿದವರೂ ಬರುತ್ತಾರೆ. ಅಪ್ಪ ಕೂಡಿಸಿ ನೋಡಿದರು: ನಾಲ್ಕು, ಬೇಕಾದರೆ ಎರಡು, ಆಮೇಲೆ ಪಿಎಚ್‌ಡಿಗೆ ಐದು. ಸುಮಾರು ಇಪ್ಪತ್ತೊಂಬತ್ತರ ವಯಸ್ಸು. ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಸಿಗದಿದ್ದರೆ? ಆ ಸಾಲಿನ ಮುಂದೆ ಅವರು ಏನೂ ಬರೆಯಲಿಲ್ಲ.

ಅಮ್ಮನ ಚಿಂತೆ ಬೇರೆ. ಮೂರು ವರ್ಷ ಮುಗಿಸಿದರೆ ಕನಿಷ್ಠ ಕ್ಲಿನಿಕ್ ಆದರೂ ಹಾಕಬಹುದಲ್ಲ? ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ತರಬೇತಿ ಮುಗಿಸಿ ಅಲ್ಲಿ ನೋಂದಾಯಿಸಬೇಕು, ಬಿ.ಎ. ಅದಕ್ಕೆ ಹೊಸ್ತಿಲು ಮಾತ್ರ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಮೂರನೆಯ ವರ್ಷದಲ್ಲಿ ತಿಳಿದು ಅಳುವವರು ಇದ್ದಾರೆ.

ಕಾಲೇಜು ಹುಡುಕುವಾಗ ಹುಡುಗಿ ಕಟ್ಟಡ, ಹೆಸರು, ಪ್ಲೇಸ್‌ಮೆಂಟ್ ನೋಡಲಿಲ್ಲ. ಪಠ್ಯಕ್ರಮದ ಪಿಡಿಎಫ್ ತೆರೆದು ಸ್ಟ್ಯಾಟಿಸ್ಟಿಕ್ಸ್ ಎಷ್ಟು ಸೆಮಿಸ್ಟರಿನಲ್ಲಿದೆ ಎಂದು ಎಣಿಸಿದಳು. ಕೆಲವು ಕಡೆ ಒಂದೇ, ಅದೂ ಸರಾಸರಿ ತೆಗೆಯುವಲ್ಲಿಗೆ ಮುಗಿಯುತ್ತದೆ. ಪ್ರಾಕ್ಟಿಕಲ್ ಎಂದರೆ ಹಳೆಯ ಜರ್ನಲ್ ನಕಲು ಮಾಡುವುದೋ, ಸ್ವಂತ ಪ್ರಶ್ನೆ ಕಟ್ಟುವುದೋ ಎಂದು ಸೀನಿಯರುಗಳನ್ನು ಕೇಳಿದಳು. ಅಧ್ಯಾಪಕರು ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ಎಂದು ಹುಡುಕಿದಳು. ಮುಖ್ಯವಾಗಿ, ನಾಲ್ಕನೆಯ ವರ್ಷದ ಸಂಶೋಧನೆಗೆ ಮಾರ್ಗದರ್ಶನ ಮಾಡಬಲ್ಲವರು ಅಲ್ಲಿ ನಿಜಕ್ಕೂ ಇದ್ದಾರೆಯೇ ಎಂದು ವಿಚಾರಿಸಿದಳು. ಒಂದು ಕಾಲೇಜಿನ ಆಫೀಸಿನವರು "ಆಗ ನೋಡೋಣ" ಅಂದರು. ಆ ಹೆಸರಿಗೆ ಅವಳು ಅಡ್ಡಗೆರೆ ಎಳೆದಳು.

ಸ್ಟ್ಯಾಟಿಸ್ಟಿಕ್ಸ್ ಮೇಲೆ ಇಷ್ಟು ಪಟ್ಟು ಯಾಕೆ ಎಂದು ಅಮ್ಮ ಕೇಳಿದಾಗ ಅವಳು ಮಿಠಾಯಿಯ ಕಥೆ ಹೇಳಿದಳು. ಸ್ಟ್ಯಾನ್‌ಫರ್ಡಿನ ನರ್ಸರಿ ಮಕ್ಕಳ ಮುಂದೆ ಒಂದು ಮಾರ್ಷ್‌ಮ್ಯಾಲೋ ಇಟ್ಟು, ಕಾದರೆ ಎರಡು ಎಂದ ವಾಲ್ಟರ್ ಮಿಶೆಲ್‌ರ ಪ್ರಯೋಗ. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಾದರು ಎಂದು ದಶಕಗಳ ಕಾಲ ಪೋಷಕರಿಗೆಲ್ಲ ಪಾಠ ಹೇಳಲಾಯಿತು. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದಾಗ ಆ ಸಂಬಂಧ ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿ, ತಾಯಿಯ ಓದು ಇಂಥವನ್ನು ಲೆಕ್ಕಕ್ಕೆ ತಂದರೆ ಉಳಿದದ್ದು ಇನ್ನೂ ಸ್ವಲ್ಪ. 2015ರಲ್ಲಿ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ದೊಡ್ಡ ಯತ್ನದಲ್ಲಿ ಸುಮಾರು 36 ಪ್ರತಿಶತ ಮಾತ್ರ ಮೊದಲಿನಂತೆ ಗಣನೀಯ ಫಲಿತಾಂಶ ಕೊಟ್ಟವು. ಅಂಕಿ ಓದಲು ಬಾರದವರು ಈ ವಿಷಯದಲ್ಲಿ ಕೇಳಿದ್ದನ್ನೆಲ್ಲ ನಂಬಬೇಕಾಗುತ್ತದೆ, ಇಲ್ಲವೆ ಎಲ್ಲವನ್ನೂ ಬೈಯಬೇಕಾಗುತ್ತದೆ. ಅವಳು ರಜೆಯಲ್ಲಿ ಆರ್ ಎಂಬ ಉಚಿತ ಸಾಫ್ಟ್‌ವೇರ್ ಕಲಿಯಲು ಕೂತದ್ದು ಇದಕ್ಕೇ. ಮೊದಲ ವಾರ ಅಪ್ಪನೂ ಜೊತೆಗೆ ಕೂತರು.

ಅಪ್ಪನಿಗೆ ಸೈಕಾಲಜಿ ಒಂದಿಷ್ಟು ಮನೆಯ ವಿಷಯ ಅನ್ನಿಸಿದ್ದು ಮೈಸೂರಿನಿಂದ. 1916ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ಸೈಕಾಲಜಿ ವಿಭಾಗ ತೆರೆದರೆ, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಶುರುವಾಯಿತು. ಆಗ ಅಲ್ಲಿ ಕುಲಪತಿಯಾಗಿದ್ದವರು ಕಲ್ಕತ್ತೆಯ ಪಠ್ಯ ಬರೆದಿದ್ದ ಬ್ರಜೇಂದ್ರನಾಥ ಸೀಲ್. ವಿಭಾಗದ ಮುಖ್ಯಸ್ಥರಾದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಹೂಡಿದರು, ಆಕಾಶವಾಣಿ ಎಂಬ ಹೆಸರು ನಂಟಾದದ್ದು ಆ ಕೇಂದ್ರಕ್ಕೆ. ಸೈಕಾಲಜಿ ಪ್ರೊಫೆಸರರು ರೇಡಿಯೋ ಶುರು ಮಾಡಿದ್ದರೆಂಬುದನ್ನು ಅಪ್ಪ ಆ ವಾರ ನಾಲ್ಕು ಜನಕ್ಕಾದರೂ ಹೇಳಿರಬೇಕು.

ಉಳಿದದ್ದು ದೆಹಲಿಯೋ ಪುಣೆಯೋ ಎಂಬುದು. ದೆಹಲಿ ವಿಶ್ವವಿದ್ಯಾಲಯದ ಸೈಕಾಲಜಿ ಆನರ್ಸಿಗೆ ಸಿಯುಇಟಿ ಬರೆದಿದ್ದಳು, ಅಂಕವೂ ಚೆನ್ನಾಗಿತ್ತು. ಅಲ್ಲಿ ಹೋದರೆ ಅಜ್ಜಿಗೆ ಮೊಮ್ಮಗಳ ಗುರುತು ಎಷ್ಟು ದಿನ ಉಳಿಯುತ್ತದೋ. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅಮ್ಮ ಮಾತ್ರ ಒಂದು ರಾತ್ರಿ "ಅಜ್ಜಿ ಸಲುವಾಗಿ ನೀ ನಿಲ್ಲಬ್ಯಾಡ" ಅಂದರು. ಅವಳು ಉತ್ತರ ಕೊಡಲಿಲ್ಲ. ಅಜ್ಜಿಯ ಮಾತನ್ನು ತಿಂಗಳಿಗೊಮ್ಮೆ ರೆಕಾರ್ಡ್ ಮಾಡಿಡಬೇಕು, ಯಾವ ಪದ ಯಾವ ಭಾಷೆಯಲ್ಲಿ ಮೊದಲು ಹೋಗುತ್ತದೆ ನೋಡಬೇಕು ಎಂಬ ಆಸೆ ಅವಳಿಗಿತ್ತು. ಅಪ್ಪ, "ಮಾಡು, ನಾ ಹೂಂ ಅಂತೀನಿ" ಅಂದರು. ಸಂಶೋಧನೆ ಎಂದಾದರೆ ಮನೆಯವರ ಹೂಂ ಒಂದೇ ಸಾಲದು, ಎಥಿಕ್ಸ್ ಕಮಿಟಿ ಬೇಕು, ತಿಳಿಯುವ ಮಟ್ಟಿಗೆ ಅಜ್ಜಿಯನ್ನೂ ಕೇಳಬೇಕು ಎಂದು ಅವಳು ಹೇಳಿ, ಸದ್ಯಕ್ಕೆ ಮನೆಯ ನೆನಪಿಗೆಂದು ಮಾತ್ರ ಅಜ್ಜಿಯನ್ನು ಕೇಳಿದಳು. "ನನ್ನ ಮಾತು ತುಂಬಿಟ್ಟು ಏನ್ ಮಾಡ್ತೀ, ಊಟ ಮಾಡು" ಅಂದರು ಅಜ್ಜಿ. ಅದನ್ನು ಹೂಂ ಎಂದು ತಿಳಿಯಬೇಕೋ ಬೇಡವೋ ಎಂದು ಮನೆಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಆ ದಿನ ರೆಕಾರ್ಡ್ ಆಗಲಿಲ್ಲ.

ಕೊನೆಗೆ ಪುಣೆಯ ಕಾಲೇಜೊಂದಕ್ಕೆ ಶುಲ್ಕ ಕಟ್ಟಿದರು, ನಾಲ್ಕನೆಯ ವರ್ಷ ಇದ್ದೇ ಇರುತ್ತದೆ ಎಂದು ವಿಭಾಗದ ಮುಖ್ಯಸ್ಥರೇ ಹೇಳಿದ ಮೇಲೆ. ಮೈನರ್ ವಿಷಯದ ಕಾಲಂ ಇನ್ನೂ ಖಾಲಿ ಇದೆ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೋ ಎನ್ನುತ್ತಾರೆ ಅಪ್ಪ. ಅವಳ ಕಣ್ಣು ಭಾಷಾವಿಜ್ಞಾನದ ಮೇಲಿದೆ. ಫಾರ್ಮ್ ಕೊಡಲು ಶನಿವಾರದವರೆಗೆ ಸಮಯವಿದೆ.