ಕತ್ತಿಗೆ ಹತ್ತಿದ ತಾಮ್ರ

ಅಡಿಕೆಯ ಕೊಳೆರೋಗಕ್ಕೆ ಮದ್ದು ಕೂಡಿಸುವ ಕ್ರಮ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಗೊತ್ತಿತ್ತು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು, 1 ಕಿಲೋ ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಇನ್ನೊಂದು 50 ಲೀಟರಿಗೆ ಕದಡಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕೋಲಿನಿಂದ ತಿರುವುತ್ತಲೇ ಇರಬೇಕು. ಸುಣ್ಣ ಆ ವರ್ಷದ್ದೇ ಆಗಿರಬೇಕು. ಕೊನೆಗೆ ಉಜ್ಜಿ ತೊಳೆದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ತುತ್ತ ಹೆಚ್ಚಾಗಿದೆ ಎಂದರ್ಥ, ಸುಣ್ಣದ ನೀರು ಇನ್ನಷ್ಟು ಬೇಕು. ಕೂಡಿಸಿದ ಮದ್ದನ್ನು ಅಂದಂದೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಅಡಿಕೆ ಬೆಳೆಯುವ ಯಾರ ಮನೆಗೆ ಹೋಗಿ ಕೇಳಿದರೂ ಇಷ್ಟು ಹೇಳುತ್ತಾರೆ.

ನಾನಂತೂ ಕೇಳದಿದ್ದರೂ ಹೇಳುತ್ತಿದ್ದೆ. ಸಾಗರ ಸೀಮೆಯ ನಮ್ಮ ಕಡೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಮಾತು ಕೊಳೆರೋಗಕ್ಕೆ ತಿರುಗುತ್ತದೆ. ಆಗ ನಾನು ಲೆಸ್ಲಿ ಕೋಲ್ಮನ್ನರ ಕಥೆ ಶುರು ಮಾಡುತ್ತಿದ್ದೆ. 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಕೆನಡಾದ ಈ ಮನುಷ್ಯ ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರವೆಂದು ಗುರುತಿಸಿದ್ದು, 1910ರಲ್ಲಿ ಅದರ ಮೇಲೆ ವರದಿ ಬರೆದದ್ದು, ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ನಮ್ಮ ಅಜ್ಜಂದಿರಿಗೆ ಬೋರ್ಡೋ ದ್ರಾವಣ ಹೇಳಿಕೊಟ್ಟದ್ದು. ಅಲ್ಲಿಂದ ಕಥೆ ಫ್ರಾನ್ಸಿಗೆ ಹೋಗುತ್ತಿತ್ತು. ಅಲ್ಲಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ಮಾತ್ರ ರೋಗ ಬಾರದ್ದನ್ನು ಮಿಯಾರ್ದೆ ಎಂಬ ಪ್ರೊಫೆಸರ್ ಗಮನಿಸಿ 1885ರಲ್ಲಿ ಮದ್ದಿನ ಕ್ರಮ ಪ್ರಕಟಿಸಿದರು. ಪಾಯಸ ಬರುವ ಹೊತ್ತಿಗೆ ನನ್ನ ಕಥೆಯೂ ಮುಗಿಯುತ್ತಿತ್ತು. ಕೇಳಿದವರು ತಲೆದೂಗುತ್ತಿದ್ದರು. ನನ್ನ ಡ್ರಮ್ಮಿನಲ್ಲಿ ಏನಿದೆ ಎಂದು ಯಾರೂ ಬಂದು ನೋಡುತ್ತಿರಲಿಲ್ಲವಲ್ಲ.

ಡ್ರಮ್ಮು ಒಂದೇ ಇತ್ತು. ತಪ್ಪು ಶುರುವಾದದ್ದು ಅವಸರದಿಂದ. ಮೃಗಶಿರಾ ಮಳೆ ಹೊಸ್ತಿಲಿಗೆ ಬಂದಿತ್ತು, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ನಮಗೆ ಕೊಟ್ಟ ದಿನ ತಪ್ಪಿದರೆ ಮತ್ತೆ ಸಿಗುವುದು ಯಾವಾಗಲೋ ಗೊತ್ತಿರಲಿಲ್ಲ, ಒಂದು ಡ್ರಮ್ಮು ಒಡೆದು ಸೋರುತ್ತಿತ್ತು. ಇದ್ದೊಂದು ಡ್ರಮ್ಮಿನಲ್ಲೇ ತುತ್ತ ಕರಗಿಸಿ, ಬಕೆಟ್ಟಿನಲ್ಲಿ ಕದಡಿದ ಸುಣ್ಣವನ್ನು ಅದರ ಮೇಲೆ ಸುರಿದೆ. ಸುಣ್ಣವೂ ಹಿಂದಿನ ವರ್ಷ ಬಾಯಿ ಬಿಚ್ಚಿಟ್ಟ ಚೀಲದ್ದು, ಗಾಳಿ ಕುಡಿದು ಹಿಟ್ಟಾಗಿತ್ತು. ಬಣ್ಣವೇನೋ ನೀಲಿಯೇ ಬಂತು. ಆ ವರ್ಷ ಮಳೆ ಹದವಾಗಿತ್ತು, ಕೊಳೆ ಹೆಚ್ಚು ಬರಲಿಲ್ಲ. ತಪ್ಪು ಮಾಡಿಯೂ ಬಚಾವಾದದ್ದೇ ನನಗೆ ಮುಳುವಾಯಿತು, ಮುಂದಿನ ವರ್ಷಗಳಲ್ಲೂ ಹಾಗೇ ಕೂಡಿಸಿದೆ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ತುತ್ತದ ನೀರು ಸುಣ್ಣದ ನೀರಿಗೆ ನಿಧಾನ ಬಿದ್ದರೆ ಕಣಗಳು ನುಣ್ಣಗಾಗಿ ತೇಲಿಕೊಂಡಿರುತ್ತವೆ, ಎಳೆ ಅಡಿಕೆಯ ಮೇಲೆ ಪೊರೆಯಂತೆ ಅಂಟಿ ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಗಟ್ಟಿ ಸುಣ್ಣವನ್ನು ತುತ್ತದ ಮೇಲೆ ಒಮ್ಮೆಲೇ ಸುರಿದರೆ ಕಣ ದಪ್ಪಗಾಗಿ ಬೇಗ ತಳ ಹಿಡಿಯುತ್ತದೆ. ಹಾಗಾದಾಗ ಮರದ ತಲೆಗೆ ಹೋಗುವುದು ಬರೀ ನೀಲಿ ನೀರು, ಡ್ರಮ್ಮಿನ ಬುಡದಲ್ಲಿ ಉಳಿಯುವುದು ಮದ್ದು. ಸತ್ತ ಸುಣ್ಣ ಹಾಕಿದರೆ ಇನ್ನೊಂದು ಫಜೀತಿ. ಉಳಿದ ತುತ್ತ ಮಿಡಿಗಳನ್ನೇ ಸುಡುತ್ತದೆ.

ಇದನ್ನು ಮೊದಲು ಕಂಡವನು ಕೊನೆಗಾರ. ಮರದಿಂದ ಮರಕ್ಕೆ ದಾಟುತ್ತ ಹೊಡೆಯುವವನಿಗೆ ನಾಝಲ್ ಕಟ್ಟಿಕೊಂಡರೆ ಜೀವ ಬಾಯಿಗೆ ಬರುತ್ತದೆ. ಮೇಲಿನಿಂದ ಕೂಗಿದ: "ಭಟ್ರೇ, ಮದ್ದು ಕಲ್ಲುಕಲ್ಲಾಗದೆ. ಕೂಡಿಸಿದ್ದು ಸಮ ಆಗ್ಲಿಲ್ಲ." ಬಟ್ಟೆಯಲ್ಲಿ ಸೋಸಿ ಕೊಡುತ್ತೇನೆ ಎಂದೆ, ಸೋಸಿಯೂ ಕೊಟ್ಟೆ. ಅಂದರೆ ಇದ್ದಷ್ಟು ಮದ್ದನ್ನೂ ಬಟ್ಟೆಯಲ್ಲೇ ಉಳಿಸಿಕೊಂಡೆ.

ಎರಡನೆಯವಳು ತೋಟಗಾರಿಕೆ ಓದುತ್ತಿದ್ದ ನೆಂಟರ ಹುಡುಗಿ. ಎರಡನೇ ಸಲದ ಮದ್ದಿನ ಹೊತ್ತಿಗೆ, ಮಳೆ ಒಂದಿಷ್ಟು ಹೊಳವಾದ ದಿನ, ಬಂದಿದ್ದಳು. ನಾನು ಡ್ರಮ್ಮು ತಿರುವುತ್ತಿದ್ದಾಗ ಬಾಳೆ ಎಲೆ ಕೊಯ್ಯುವ ಕತ್ತಿಯನ್ನು ತಂದು, ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು, ಮದ್ದಿನಲ್ಲಿ ಅದ್ದಿದಳು. ಎತ್ತಿದಾಗ ಅಲಗಿನ ತುದಿಯಿಂದ ನಾಲ್ಕು ಬೆರಳಿನಷ್ಟು ಕೆಂಪು, ಹೊಸದಾಗಿ ಹುಣಸೆಹಣ್ಣು ಹಾಕಿ ತೊಳೆದ ತಂಬಿಗೆಯ ಬಣ್ಣ. ಉಗುರಿನಿಂದ ಕೆರೆದರೂ ಹೋಗಲಿಲ್ಲ. "ದೊಡ್ಡಪ್ಪಾ, ಸುಣ್ಣ ಸಾಲದು, ಇದನ್ನ ಹೊಡೀಬೇಡಿ" ಎಂದಳು. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ನಾನು ನಕ್ಕು, "ನಿನ್ನ ಪುಸ್ತಕದ ಮರಕ್ಕೂ ನಮ್ಮ ತೋಟದ ಮರಕ್ಕೂ ವ್ಯತ್ಯಾಸ ಇದೆ ಕೂಸೇ" ಎಂದೆ. ಅವರೂ ನಕ್ಕರು. ಮದ್ದು ಹಾಗೇ ಹೋಯಿತು.

ಆ ರಾತ್ರಿ ನಾನೇ ಎದ್ದು ಹೋಗಿ ಕತ್ತಿಯನ್ನು ಮತ್ತೆ ನೋಡಿದ್ದೆ. ಅವಳು ಹೇಳಿದ್ದು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗಾದರೆ ಬೆಳಿಗ್ಗೆ ಪೇಟೆಗೆ ಹೋಗಿ ಹೊಸ ಸುಣ್ಣ, ಇನ್ನೊಂದು ಡ್ರಮ್ಮು ತರುವುದಕ್ಕೆ ಏನು ಅಡ್ಡಿಯಾಗಿತ್ತು? ಸೋಮಾರಿತನ ಅನ್ನಲಾರೆ, ನಾನು ದುಡಿಯುವವನೇ. ದುಡ್ಡಿನ ಲೋಭವೂ ಅಲ್ಲ, ಸುಣ್ಣಕ್ಕೆಷ್ಟು ಮಹಾ ಬೆಲೆ? ಅಡ್ಡ ನಿಂತದ್ದು ಹಿಂದಿನ ವರ್ಷಗಳ ಲೆಕ್ಕ. ಈ ವರ್ಷ ಕ್ರಮ ಬದಲಿಸಿ ಕೊನೆ ಉಳಿದುಬಿಟ್ಟರೆ, ಹೋದ ವರ್ಷ ಉದುರಿದ್ದಕ್ಕೆ, ಅದರ ಹಿಂದಿನ ವರ್ಷ ಮಿಡಿ ಸುಟ್ಟದ್ದಕ್ಕೆ ಯಾರು ಹೊಣೆ ಎಂಬುದು ಮನೆಯವರಿಗೆಲ್ಲ ತಿಳಿದುಹೋಗುತ್ತದೆ. ಮದ್ದು ಸರಿ ಮಾಡಿದರೆ ಹಳೆಯ ಸಾಲವೆಲ್ಲ ನನ್ನ ಹೆಸರಿಗೆ ಬರುತ್ತಿತ್ತು. ತಪ್ಪು ಹಾಗೇ ಇದ್ದರೆ ಅದು ಮಳೆಯ ಹೆಸರಿನಲ್ಲೇ ಇರುತ್ತಿತ್ತು. ಇದನ್ನು ನಾನು ಅವತ್ತು ಇಷ್ಟು ಬಿಡಿಸಿ ಯೋಚಿಸಿದ್ದೆ ಎಂದಲ್ಲ. ಆದರೆ ಪ್ರತಿ ವರ್ಷ ಬಡ್ಡಿ ಏರುತ್ತಿತ್ತು, ಏರಿದಷ್ಟೂ ತೀರಿಸುವ ಧೈರ್ಯ ಇಳಿಯುತ್ತಿತ್ತು.

2019ರ ಆಗಸ್ಟಿನ ಮಳೆಯನ್ನು ಮಲೆನಾಡಿನವರಿಗೆ ನೆನಪಿಸಬೇಕಾಗಿಲ್ಲ. ಆಶ್ಲೇಷಾ ಮಳೆ ದಿನಗಟ್ಟಲೆ ಹೊಳವೇ ಕೊಡದೆ ಹೊಯ್ಯಿತು. ಎರಡನೇ ಸಲದ ಮದ್ದು ಹೊಡೆಯಲು ಎಷ್ಟೋ ಜನರಿಗೆ ಸಾಧ್ಯವೇ ಆಗಲಿಲ್ಲ. ಸರಿಯಾಗಿ ಮದ್ದು ಕೂಡಿಸಿದವರ ತೋಟದಲ್ಲೂ ಕೊಳೆ ಬಂತು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಆ ವರ್ಷ ನನಗೊಂದು ತರದ ಸಮಾಧಾನವಿತ್ತು. ಸೊಸೈಟಿಯ ಕಟ್ಟೆಯ ಮೇಲೆ ಕೂತು ಎಲ್ಲರ ಜೊತೆ ಸೇರಿ ಮಳೆಯನ್ನು ಬಯ್ದೆ. ಊರಿಗೆ ಬಂದದ್ದು ನನಗೂ ಬಂತು ಎನ್ನುವ ಸುಖ ಎಷ್ಟು ಕೆಟ್ಟದ್ದು ಎಂದು ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಮುಂದೆ, ಸಾಧಾರಣ ಮಳೆಯ ಒಂದು ವರ್ಷದಲ್ಲಿ. ಬಯ್ಯುವುದಕ್ಕೆ ಮಳೆ ಸಿಗಲಿಲ್ಲ. ಮೊದಲು ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಅಡಿಕೆಯ ಹೊಳಪೆಲ್ಲ ಹೋಗಿ ಮಂಕು. ಬೆಳಿಗ್ಗೆ ತೋಟಕ್ಕಿಳಿದರೆ ಕಾಲಡಿಗೆಲ್ಲ ಉದುರಡಿಕೆ, ಮೇಲೆ ಬಿಳಿ ಬೂಸ್ಟು. ಹೆಕ್ಕಿ ತೋಟದಿಂದ ಹೊರಗೆ ಹಾಕಬೇಕಿತ್ತು. ಹೆಕ್ಕಿದರೆ ಎಷ್ಟು ಬುಟ್ಟಿ ಎಂದು ಲೆಕ್ಕ ಸಿಗುತ್ತದೆ, ಅದಕ್ಕೇ ಅರ್ಧ ಬಿಟ್ಟೆ. ಕೊಳೆ ಕೊನೆಯಲ್ಲೇ ನಿಲ್ಲದೆ ಕೆಲವು ಮರಗಳ ಸುಳಿಗೆ ಇಳಿಯಿತು. ಅಪ್ಪ ನೆಟ್ಟ ಮರಗಳು. ಸೋಗೆ ಬಾಗಿ, ತಲೆ ಕಳಚಿ ಬಿದ್ದು, ಬೋಳು ಕಂಬಗಳಾಗಿ ನಿಂತವು. ಆ ಜಾಗದಲ್ಲಿ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು.

ನನ್ನ ಬೇಲಿಯ ಆಚೆ ದಾಯಾದಿಯ ತೋಟ. ಅವನ ಮದ್ದು ಸರಿಯಾಗಿತ್ತು. ಆದರೂ ನನ್ನ ಕಡೆಯ ಎರಡು ಸಾಲು ಕೊಳೆಗೆ ಹೋದವು. ಅವನು ಜಗಳಕ್ಕೆ ಬರಬಹುದೆಂದು ಕಾದೆ, ಉತ್ತರವನ್ನೂ ತಯಾರು ಮಾಡಿಟ್ಟುಕೊಂಡೆ. ಬರಲಿಲ್ಲ. ಮಾರನೆಯ ವರ್ಷ ಆ ಎರಡು ಸಾಲಿನ ಕೊನೆಗಳಿಗೆ ಮಾತ್ರ ಮದ್ದಿನ ಜೊತೆಗೆ ಪ್ಲಾಸ್ಟಿಕ್ ಕೊಟ್ಟೆಯನ್ನೂ ಕಟ್ಟಿಸಿದ. ಮಳೆಗಾಲವಿಡೀ ಅದು ನನ್ನ ಕಡೆಗೆ ಮುಖ ಮಾಡಿ ಪಟಪಟ ಅನ್ನುತ್ತಿತ್ತು.

ಆಮೇಲೆ ಒಂದೊಂದಾಗಿ ತಿಳಿಯುತ್ತ ಹೋಯಿತು. ನನಗೆ ಹೇಳುವವರು ನಿಂತುಹೋಗಿದ್ದರು. ಆ ಹುಡುಗಿ ಓದು ಮುಗಿಸಿ ಊರಿನ ಹತ್ತಾರು ತೋಟ ನೋಡಿಹೋದಳು, ನಮ್ಮಲ್ಲಿ ಕಾಫಿ ಕುಡಿದು ಹೋದಳು, ಅಷ್ಟೇ. ಕೊನೆಗಾರ ನಾಝಲ್ ಕಟ್ಟಿಕೊಂಡರೂ ಕೂಗುತ್ತಿರಲಿಲ್ಲ, ತಾನೇ ಬಿಚ್ಚಿ ಊದಿ ಹಾಕಿಕೊಳ್ಳುತ್ತಿದ್ದ. ಆಮೇಲೆ ದಿನ ಕೇಳಿದರೆ "ನೋಡ್ವ" ಎನ್ನತೊಡಗಿದ. ಹೆಂಡತಿ ಒಂದು ಕಾಲಕ್ಕೆ "ಕತ್ತಿ ಅದ್ದಿ ನೋಡಿದ್ರಾ?" ಎಂದು ಕೇಳುತ್ತಿದ್ದಳು. ಅದೂ ನಿಂತು ಎಷ್ಟು ಕಾಲವಾಗಿತ್ತೋ, ನಿಂತದ್ದೇ ನನಗೆ ಗೊತ್ತಾಗಿರಲಿಲ್ಲ. ಹೇಳಿದವರ ಬಾಯಿ ಮುಚ್ಚಿಸಿದಾಗೆಲ್ಲ ಗೆದ್ದೆ ಅಂದುಕೊಂಡಿದ್ದೆ. ಹೋದ ಅಡಿಕೆಯ ನಷ್ಟಕ್ಕೆ ಒಂದು ಅಂದಾಜು ಸಿಗುತ್ತದೆ, ಇದಕ್ಕೆ ಸಿಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೊನೆಗಾರನ ಮನೆಗೆ ನಾನೇ ಹೋದೆ. ಹೊಸ ಸುಣ್ಣದ ಚೀಲ, ಎರಡು ಡ್ರಮ್ಮು ತಂದಿಟ್ಟದ್ದನ್ನು ಹೇಳಿದೆ. ಅವನು ಕವಳ ಹಾಕಿಕೊಳ್ಳುತ್ತ ಕೇಳಿಸಿಕೊಂಡ. ತುಂಬ ಹೊತ್ತು ಬಿಟ್ಟು, "ಬತ್ತೆ. ಆದ್ರೆ ಮದ್ದು ನಾ ಕೂಡಿಸ್ತೆ. ನೀವು ಕೈ ಹಾಕೂದು ಬ್ಯಾಡ" ಎಂದ. ಹಾಗಾದರೆ ನಾನೇನು ಮಾಡಲಿ ಮಾರಾಯ ಎಂದೆ.

"ನೀರು ಹೊತ್ತು ಹಾಕಿ" ಎಂದ.

ಈಗ ಕೆಲವು ಮಳೆಗಾಲದಿಂದ ನಾನು ಹೊಳೆಯ ಗುಂಡಿಯಿಂದ ನೀರು ಹೊರುತ್ತೇನೆ. ಕತ್ತಿ ಅವನದೇ, ಮನೆಯಿಂದ ತರುತ್ತಾನೆ.