ಕಲಿಸುತ್ತ ಕಾಯುವುದು

ಮಗು ಬೋರಲು ಬಿದ್ದಿತೆಂದು, ಅಂಬೆಗಾಲಿಟ್ಟಿತೆಂದು, ಹೊಸಿಲು ದಾಟಿತೆಂದು ಸಿಹಿ ಮಾಡಿ ಹಂಚುವ ಪದ್ಧತಿ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಇವು ಬರಿಯ ಸಂಭ್ರಮಗಳಲ್ಲ; ಮಗುವಿನ ಬೆಳವಣಿಗೆಯ ಹಾದಿಯಲ್ಲಿ ಹಿರಿಯರು ನೆಟ್ಟ ಮೈಲಿಗಲ್ಲುಗಳು. ಆದರೆ ಒಂದು ಮೈಲಿಗಲ್ಲು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಮಾಡತಕ್ಕದ್ದೇನು ಎಂಬುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಒಂದೇ ಉತ್ತರ: "ಕೆಲವು ಮಕ್ಕಳು ತಡ, ಕಾಯಬೇಕು."

ನಮ್ಮ ಮಗಳು ದಿನ ತುಂಬುವುದಕ್ಕೆ ಎರಡು ತಿಂಗಳು ಮೊದಲೇ ಹುಟ್ಟಿದವಳು. ಅಂಥ ಶಿಶುಗಳ ವಯಸ್ಸನ್ನು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕೆಂದು ವೈದ್ಯರು ಹೇಳಿದ್ದರು. ಹಾಗೆ ಎಣಿಸಿದರೂ, ಎಂಟು ತಿಂಗಳಿಗೆ ಅವಳ ಕತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ. "ಇವನೂ ತಡವಾಗಿಯೇ ನಡೆದದ್ದು. ಈಗ ಗಂಟೆಗಟ್ಟಲೆ ನಿಂತು ಪಾಠ ಹೇಳುವುದಿಲ್ಲವೆ?" ಎಂದು ನನ್ನ ತಾಯಿ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನದ ಹಿಂದೆ ಅಡಗಿದ್ದುದು ಭಯ: ಆಸ್ಪತ್ರೆಗೆ ಹೋದರೆ ಮಗುವಿಗೆ ಒಂದು ಹೆಸರು ಅಂಟಿಕೊಂಡೀತು, ಅದು ಜನ್ಮವಿಡೀ ಬಿಡದು ಎಂಬ ಭಯ. ನನ್ನ ಹೆಂಡತಿ ಒಂದು ದಿನ ಮೆಲ್ಲಗೆ ಹೇಳಿದಳು: "ಕಾಯೋಣ ಅತ್ತೆ. ಆದರೆ ಸುಮ್ಮನೆ ಬೇಡ, ಕಲಿಸುತ್ತ ಕಾಯೋಣ."

ಅಂಗನವಾಡಿಯ ಕಾರ್ಯಕರ್ತೆ ದಾರಿ ತೋರಿದರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಏರ್ಪಟ್ಟದ್ದು. ಅದರ ತಂಡದವರು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಬೆಳವಣಿಗೆ ಹಿಂದುಳಿದಂತೆ ಕಂಡ ಕೂಸುಗಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ನಾವು ತಿಳಿದ ಮೊದಲ ಸಂಗತಿಯೆಂದರೆ, ತೊಂದರೆಯ ಹೆಸರು ಗೊತ್ತಾಗುವವರೆಗೆ ಚಿಕಿತ್ಸೆ ಕಾಯಬೇಕಾಗಿಲ್ಲ ಎಂಬುದು. ಮೊದಲ ಎರಡು ಮೂರು ವರ್ಷಗಳಲ್ಲಿ ಮಿದುಳು ಬಲು ಬೇಗ ಬೆಳೆಯುತ್ತದೆ. ಅಭ್ಯಾಸಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಶಕ್ತಿ ಅದಕ್ಕೆ ಆಗ ಹೆಚ್ಚು.

ದೊಡ್ಡ ಯಂತ್ರಗಳನ್ನು ನಿರೀಕ್ಷಿಸಿ ಹೋದ ನನಗೆ ಕಂಡದ್ದು ಒಂದು ಚಾಪೆ, ಒಂದು ಟವೆಲು, ಒಂದು ಗಿಲಕಿ. ಫಿಸಿಯೋಥೆರಪಿಯ ಹೆಣ್ಣುಮಗಳು ಮಗುವನ್ನು ಬೋರಲು ಮಲಗಿಸಿ, ಎದೆಯ ಕೆಳಗೆ ಟವೆಲಿನ ಸುರುಳಿಯಿಟ್ಟು, ಕಣ್ಣೆದುರು ಗಿಲಕಿ ಆಡಿಸಿದರು. ಮಗು ತಲೆಯೆತ್ತಲು ಹೆಣಗಿತು, ಅರೆಗಳಿಗೆ ಎತ್ತಿತು. ವಾರದ 168 ಗಂಟೆಗಳಲ್ಲಿ ಅವರ ಪಾಲಿಗೆ ದೊರೆಯುತ್ತಿದ್ದುದು ಒಂದು. ಉಳಿದ 167 ಮನೆಯವು. ಆದುದರಿಂದ ಅವರು ಮಗುವಿಗಿಂತ ಹೆಚ್ಚಾಗಿ ಕಲಿಸಿದ್ದು ನಮಗೆ. ನನ್ನ ತಾಯಿ ಕಾಲು ಚಾಚಿ ಕುಳಿತು ಮಗುವಿಗೆ ನೀರೆರೆಯುತ್ತಾರೆಂದು ಕೇಳಿ, "ಅಜ್ಜಿ, ಎಣ್ಣೆಯೊತ್ತುವಾಗ ಅದೇ ಕಾಲುಗಳ ಮೇಲೆ ಬೋರಲು ಮಲಗಿಸಿ, ಎದುರಿಗೆ ಕನ್ನಡಿಯಿಡಿ" ಎಂದರು. ಹೆದರಿದ್ದ ತಾಯಿ ಅಂದಿನಿಂದ ನಮ್ಮ ಮನೆಯ ಉಪಾಧ್ಯಾಯಿನಿಯಾದರು.

ಇಂದು ಮಗಳಿಗೆ ಎರಡು ವರ್ಷ. ಕುಳಿತು ಆಡುತ್ತಾಳೆ, ಗೋಡೆ ಹಿಡಿದು ನಿಲ್ಲುತ್ತಾಳೆ. ಕೈಬಿಟ್ಟು ಎಂದು ನಡೆದಾಳೆಂದು ಯಾರೂ ಮಾತು ಕೊಟ್ಟಿಲ್ಲ. ನಾವು ಕೇಳುವುದನ್ನೂ ಬಿಟ್ಟಿದ್ದೇವೆ. ನಾಳೆಯ ಪಾಠವೇನೆಂಬುದಷ್ಟೆ ನಮ್ಮ ಪ್ರಶ್ನೆ.

ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ನಡೆಯದ ಮಗು ಮನೆಯಲ್ಲಿದ್ದರೆ ತೋರಿಸಲು ಸಂಕೋಚ ಬೇಡ. ಮಾತು ತಡವಾದರೆ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ಏನೂ ತೊಂದರೆಯಿಲ್ಲವೆಂದು ತಿಳಿದರೆ ನಿಮಗೆ ನಷ್ಟವಾಗುವುದು ಒಂದು ಬೆಳಗು ಮಾತ್ರ. ಇದೆಯೆಂದು ತಿಳಿದರೆ ಮಗುವಿಗೆ ಉಳಿಯುವುದು ವರ್ಷಗಳು.